ಹಲ್ಲು ಕೀಳಿಸಿದ ಮೇಲೆ: ಮೂರನೇ ದಿನದಿಂದ ನೋವು ಇಳಿಯಬೇಕು, ಏರಬಾರದು

ಹಾಸನದಲ್ಲಿ ಹಲ್ಲು ಕೀಳಿಸಿಕೊಂಡು ಸಕಲೇಶಪುರದ ಬಸ್ಸು ಹತ್ತಿದವರನ್ನು ನೋಡಿದರೇ ಗೊತ್ತಾಗುತ್ತದೆ. ಕೆನ್ನೆಗೆ ಒತ್ತಿಕೊಂಡ ಕರ್ಚೀಫು, ಬಾಯಲ್ಲಿ ಹತ್ತಿ, ಕೈಯಲ್ಲಿ ಮೆಡಿಕಲ್ ಶಾಪಿನ ಪೊಟ್ಟಣ. ಬಾಯಿ ಜೋಮು ಹಿಡಿದಿರುವಾಗ ಡಾಕ್ಟರು ಹೇಳಿದ್ದರಲ್ಲಿ ಅರ್ಧ ಕಿವಿಗೆ ಬಿದ್ದಿರುವುದಿಲ್ಲ. ಊರು ಸೇರುವಷ್ಟರಲ್ಲಿ ಉಳಿದರ್ಧವೂ ಮರೆತಿರುತ್ತದೆ.

ಹಲ್ಲು ಕೀಳುವುದು ಡಾಕ್ಟರ ಕೆಲಸ. ಗಾಯ ಮಾಯುವುದು ಮನೆಯಲ್ಲಿ. ತೋಟದ ಮನೆಯಿಂದ ಪೇಟೆಗೆ ಬರಲು ಒಂದೆರಡು ಗಂಟೆ ಹಿಡಿಯುವ ನಮ್ಮ ಕಡೆ ಯಾವ ನೋವು ಸಹಜ, ಯಾವ ಊತಕ್ಕೆ ರಾತ್ರಿಯೇ ಗಾಡಿ ಹತ್ತಬೇಕು ಅನ್ನುವುದು ಮನೆಯ ಒಬ್ಬರಿಗಾದರೂ ಗೊತ್ತಿರಲೇಬೇಕು. ಅದಕ್ಕೇ ಈ ಲೇಖನ.

ಮೊದಲ ದಿನ: ಹೆಪ್ಪನ್ನು ಕಾಪಾಡಿ

ಹಲ್ಲಿದ್ದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಮಂಡಿ ತರಚಿದಾಗ ಮೇಲೆ ಕಟ್ಟುವ ಹೊಪ್ಪಳೆಯ ಹಾಗೆ, ಇದು ಕೆಳಗಿನ ಮೂಳೆಗೂ ನರಕ್ಕೂ ಮುಚ್ಚಳ. ಮೊದಲ ದಿನ ನೀವು ಮಾಡುವುದು, ಮಾಡದೇ ಇರುವುದು ಎಲ್ಲವೂ ಈ ಹೆಪ್ಪು ಜಾಗ ಬಿಟ್ಟು ಕದಲದಿರಲಿ ಅಂತಲೇ.

ಡಾಕ್ಟರು ಇಟ್ಟ ಹತ್ತಿ ಅಥವಾ ಗಾಜ್ ಬಟ್ಟೆಯನ್ನು 30ರಿಂದ 45 ನಿಮಿಷ ಗಟ್ಟಿಯಾಗಿ ಕಚ್ಚಿಕೊಳ್ಳಿ. ಐದೈದು ನಿಮಿಷಕ್ಕೆ ತೆಗೆದು ನೋಡಬೇಡಿ. ಪ್ರತಿ ಸಲ ತೆಗೆದಾಗಲೂ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಬಸ್ಸಿನಲ್ಲಿ ಹೋಗುವಾಗ ಬಾಯಿ ತುಂಬ ಎಂಜಲು ತುಂಬಿಕೊಳ್ಳುತ್ತದೆ, ರುಚಿಯೂ ರಕ್ತದ್ದೇ. ಕಿಟಕಿಯಿಂದ ಉಗುಳಿಬಿಡೋಣ ಅನ್ನಿಸುವುದು ಸಹಜ. ಉಗುಳಬೇಡಿ, ನುಂಗಿಬಿಡಿ. ಉಗುಳುವಾಗ ಬಾಯೊಳಗೆ ಹುಟ್ಟುವ ಸೆಳೆತವೇ ಹೆಪ್ಪನ್ನು ಎತ್ತುತ್ತದೆ. ಎಳನೀರನ್ನು ಸ್ಟ್ರಾ ಹಾಕಿ ಹೀರಬಾರದು ಅನ್ನುವುದೂ ಇದಕ್ಕೇ. ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ.

ಒಂದು ಚೂರು ರಕ್ತ ಎಂಜಲಿನಲ್ಲಿ ಬೆರೆತರೆ ಬಾಯಿ ತುಂಬ ರಕ್ತ ಬಂದಂತೆ ಕಾಣುತ್ತದೆ. ಮೊದಲ ದಿನ ದಿಂಬಿನ ಮೇಲೆ ಗುಲಾಬಿ ಬಣ್ಣದ ಕಲೆ ಬಿದ್ದರೆ ಗಾಬರಿ ಬೇಡ. ಮತ್ತೆ ಜಿನುಗಿದರೆ ಶುಭ್ರವಾದ ಬಟ್ಟೆ ಮಡಚಿ, ಒದ್ದೆ ಮಾಡಿ, ಇನ್ನೊಂದು ಅರ್ಧ ಗಂಟೆ ಕಚ್ಚಿಕೊಳ್ಳಿ. ಒದ್ದೆ ಮಾಡಿದ ಟೀ ಬ್ಯಾಗ್ ಕಚ್ಚಿಕೊಂಡರೂ ಆಗುತ್ತದೆ. ಚಹಾದಲ್ಲಿರುವ ಒಗರು ರಕ್ತ ಕಟ್ಟಲು ನೆರವಾಗುತ್ತದೆ. ಎರಡು ಸಲ ಹೀಗೆ ಒತ್ತಿ ಹಿಡಿದರೂ ಬಾಯಿ ಮತ್ತೆ ಮತ್ತೆ ಕೆಂಪು ರಕ್ತದಿಂದ ತುಂಬುತ್ತಿದ್ದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ.

ಜೋಮು ಇಳಿಯಲು ಎರಡರಿಂದ ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಬಿಸಿ ಕಾಫಿ ಮುಟ್ಟಬೇಡಿ. ತುಟಿ ಸುಟ್ಟರೂ ಗೊತ್ತಾಗುವುದಿಲ್ಲ. ಮಕ್ಕಳು ಜೋಮು ಹಿಡಿದ ತುಟಿಯನ್ನು ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ, ಅವರ ಮೇಲೊಂದು ಕಣ್ಣಿರಲಿ.

ಕೆನ್ನೆಯ ಹೊರಗಿನಿಂದ ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಇಡಿ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಕರೆಂಟೇ ಇರುವುದಿಲ್ಲ, ಐಸ್ ಎಲ್ಲಿಂದ ತರುವುದು ಅಲ್ವಾ? ತಣ್ಣೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸಾಕು. ರಾತ್ರಿ ಎರಡು ದಿಂಬು ಹಾಕಿ ತಲೆ ಎತ್ತರವಾಗಿಟ್ಟು ಮಲಗಿ. ಕಾಫಿ ಕೊಯ್ಲಿನ ಕಾಲವಾದರೂ ಎರಡು ಮೂರು ದಿನ ಮೂಟೆ ಹೊರುವುದು, ಬಗ್ಗಿ ಎತ್ತುವ ಕೆಲಸ ಬೇಡ. ತಲೆಗೆ ರಕ್ತ ಏರಿದರೆ ಗಾಯ ಮತ್ತೆ ಜಿನುಗುತ್ತದೆ.

ಬೀಡಿ, ಸಿಗರೇಟು, ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾ. ಇವುಗಳ ಬಗ್ಗೆ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. "ಇನ್ನೊಂದು ಕೆನ್ನೆಯಲ್ಲಿ ಇಟ್ಕೋತೀನಿ" ಅನ್ನುವವರಿದ್ದಾರೆ. ಅಡಿಕೆ ಚೂರು, ಸುಣ್ಣ, ಹೊಗೆಸೊಪ್ಪಿನ ರಸ ಬಾಯಿ ತುಂಬ ಓಡಾಡುತ್ತವೆ. ಗುಳಿಯೊಳಗೆ ಇಳಿಯದೇ ಇರುವುದಿಲ್ಲ. ಹೊಗೆಸೊಪ್ಪು ರಕ್ತನಾಳಗಳನ್ನು ಬಿಗಿ ಮಾಡಿ ಗಾಯಕ್ಕೆ ರಕ್ತ ಬರುವುದನ್ನೇ ಕಡಿಮೆ ಮಾಡುತ್ತದೆ. ಕನಿಷ್ಠ ಒಂದು ವಾರ ಬಿಡಿ. ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೇ ದಿನದಿಂದ: ಉಪ್ಪುನೀರು

24 ಗಂಟೆ ಕಳೆದ ಮೇಲಷ್ಟೇ ಬಾಯಿ ಮುಕ್ಕಳಿಸಬೇಕು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಿಗೆ ಹಾಕಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ. ಗಳಗಳ ಅನ್ನಿಸಬೇಡಿ. ಆಮೇಲೆ ರಭಸವಾಗಿ ಉಗುಳದೆ ಬಾಯಿ ತೆರೆದು ಸಿಂಕಿಗೆ ಸುಮ್ನೆ ಬಿಟ್ಟುಬಿಡಿ. ಪ್ರತಿ ಸಲ ಊಟವಾದ ಮೇಲೆ, ಮಲಗುವ ಮುಂಚೆ, ಒಂದು ವಾರ ಹೀಗೆ ಮಾಡಿ. ಉಳಿದ ಹಲ್ಲುಗಳನ್ನು ಮೆತ್ತನೆ ಬ್ರಷ್‌ನಲ್ಲಿ ಎಂದಿನಂತೆ ಉಜ್ಜಿ, ಗಾಯದ ಹತ್ತಿರ ಮಾತ್ರ ಹೋಗಬೇಡಿ.

ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಬಿಟ್ಟು ಗುಳಿಯನ್ನು ನೋಡಿ. ಮೊದಲ ದಿನ ಕಪ್ಪುಗೆಂಪು. ಮೂರು ನಾಲ್ಕನೇ ದಿನ ಅದರ ಮೇಲೆ ಬಿಳಿ-ಹಳದಿ ಪೊರೆ ಕಟ್ಟುತ್ತದೆ. ಇದನ್ನು ಕೀವು ಅಂದುಕೊಂಡು ಕಡ್ಡಿಯಿಂದಲೋ ಬೆರಳಿನಿಂದಲೋ ಕೆರೆದು ತೆಗೆಯುತ್ತಾರೆ. ದಯವಿಟ್ಟು ಬೇಡ. ಹೊಸ ಮಾಂಸ ಬೆಳೆಯುವುದು ಆ ಪೊರೆಯ ಕೆಳಗೇ. ಕೀವಾದರೆ ಒತ್ತಿದಾಗ ಒಸರುತ್ತದೆ, ನಾತ ಹೊಡೆಯುತ್ತದೆ, ನೋವೂ ಜಾಸ್ತಿಯಾಗುತ್ತಾ ಹೋಗುತ್ತದೆ.

ಏನು ತಿನ್ನುವುದು

ನಮ್ಮ ಅಡುಗೆಯಲ್ಲಿ ಇದಕ್ಕೆ ಬೇಕಾದಷ್ಟಿದೆ. ಮೊದಲ ದಿನ ತಣ್ಣಗಿನ ಮೊಸರನ್ನ, ಆರಿದ ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಬಾಳೆಹಣ್ಣು. ಎರಡನೇ ದಿನದಿಂದ ಆರಿದ ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ, ಹಾಗಾಗಿ ಹಲ್ಲು ಕೀಳಿಸಿದವರಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಉಪ್ಸಾರು ಆಗಬಹುದು, ಅದರ ಖಾರ ಮಾತ್ರ ಬೇಡ. ಚಿಕ್ಕಮಗಳೂರು ಕಡೆಯವರಿಗೆ ಒತ್ತು ಶ್ಯಾವಿಗೆ, ಮೆತ್ತನೆ ಕಡುಬು ಇದ್ದೇ ಇದೆ. ಕಾಫಿ ಬಿಡಬೇಕಾಗಿಲ್ಲ, ಆರಿಸಿ ಕುಡಿಯಿರಿ. ಮಂಡಕ್ಕಿ, ಚಕ್ಕುಲಿ, ನಿಪ್ಪಟ್ಟು, ಹುರಿಗಾಳು, ಗಟ್ಟಿ ಅಕ್ಕಿ ರೊಟ್ಟಿ ಒಂದು ವಾರ ದೂರ ಇರಲಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ಊಟ ಕಡಿಮೆ ಮಾಡಿ, ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ಎಂದಿನಷ್ಟೇ ತೆಗೆದುಕೊಂಡರೆ ಶುಗರ್ ಕುಸಿಯಬಹುದು. ಸೋಂಕಿದ್ದರೆ ಅದೇ ಶುಗರ್ ಏರುತ್ತದೆ. ಈ ದಿನಗಳಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುತ್ತಾ ಇರಿ. ಡೋಸ್ ಬದಲಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.

ಮಾತ್ರೆಗಳು

ನೋವಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅಸಿಕ್ಲೋಫೆನಾಕ್ ಜತೆಗೆ ಪ್ಯಾರಸಿಟಮಾಲ್ ಕೂಡ ಸೇರಿರುತ್ತದೆ. ನೋವು ಇಳಿಯಲಿಲ್ಲ ಅಂತ ಮೇಲೊಂದು ಡೋಲೋ 650 ನುಂಗಿದರೆ ಅದೂ ಪ್ಯಾರಸಿಟಮಾಲೇ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ದಾಟಬಾರದು, ದಾಟಿದರೆ ಯಕೃತ್ತಿಗೆ ಪೆಟ್ಟು. ಹಾಳೆಯ ಹಿಂದೆ ಸಣ್ಣಕ್ಷರದಲ್ಲಿರುವ ಹೆಸರು ಓದಿ, ಕಾಣದಿದ್ದರೆ ಮಕ್ಕಳ ಕೈಲಿ ಓದಿಸಿ. ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ಊಟವಾದ ಮೇಲೇ ತಗೊಳ್ಳಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಅವುಗಳನ್ನು ಮುಟ್ಟಬಾರದು. ಮಾತ್ರೆಯನ್ನು ಪುಡಿ ಮಾಡಿ ಒಸಡಿಗೆ ಒತ್ತುವ ಅಭ್ಯಾಸವೂ ಬೇಡ, ಒಸಡು ಸುಟ್ಟು ಬೆಳ್ಳಗಾಗುತ್ತದೆ.

ಆ್ಯಂಟಿಬಯೋಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟಿದ್ದರೆ ಮಾತ್ರ ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತಗೊಳ್ಳಿ. ಊತ ಇಳಿಯಿತು ಅಂತ ಎರಡನೇ ದಿನಕ್ಕೆ ನಿಲ್ಲಿಸಬೇಡಿ. ಉಳಿದಿದ್ದನ್ನು ಮುಂದಿನ ಸಲಕ್ಕೆ ಅಂತ ಡಬ್ಬಿಯಲ್ಲಿ ಇಡಬೇಡಿ. ಹಲ್ಲಿನ ಸೋಂಕಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಅದರ ಜತೆ ಮೆಟ್ರೊನಿಡಜೋಲ್ ಕೊಡುತ್ತಾರೆ. ಪೆನ್ಸಿಲಿನ್ ಅಲರ್ಜಿ ಇದ್ದವರು ಮೊದಲೇ ಹೇಳಲೇಬೇಕು. ಮೆಟ್ರೊನಿಡಜೋಲ್ ತಗೊಂಡರೆ ಬಾಯಲ್ಲಿ ಲೋಹದ ರುಚಿ ಬರುತ್ತದೆ, ಹೆದರಬೇಡಿ. ಆದರೆ ಅದರ ಜತೆ ಮದ್ಯ ಕೂಡದು, ಮುಗಿದ ಮೇಲೂ ಎರಡು ದಿನ ಬಿಟ್ಟಿರಿ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವ ಹೃದ್ರೋಗಿಗಳಿಗೆ ಮೆಟ್ರೊನಿಡಜೋಲ್ ರಕ್ತವನ್ನು ಇನ್ನಷ್ಟು ತೆಳು ಮಾಡುತ್ತದೆ. ಅದನ್ನು ಡಾಕ್ಟರಿಗೆ ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ.

ಮೂರನೇ ದಿನದ ಲೆಕ್ಕ

ಊತ ಎರಡು ಮೂರನೇ ದಿನಕ್ಕೆ ಹೆಚ್ಚಾಗಿ ಅಲ್ಲಿಂದ ಇಳಿಯಬೇಕು. ನೋವೂ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಇಳಿದಿದ್ದು ಮತ್ತೆ ಏರಿತು ಅಂದರೆ ಏನೋ ಆಗಿದೆ. ಅದರಲ್ಲಿ ಎರಡು ಬಗೆ.

ಒಂದು, ಹೆಪ್ಪು ಕಿತ್ತು ಹೋಗಿ ಗುಳಿ ಬರಿದಾಗುವುದು. ಡಾಕ್ಟರು ಡ್ರೈ ಸಾಕೆಟ್ ಅನ್ನುತ್ತಾರೆ. ಎರಡರಿಂದ ನಾಲ್ಕನೇ ದಿನದೊಳಗೆ ಶುರುವಾಗುತ್ತದೆ. ಕೆಳ ದವಡೆಯ ಹಲ್ಲು, ಅದರಲ್ಲೂ ಬುದ್ಧಿಹಲ್ಲು ಕೀಳಿಸಿದವರಿಗೆ, ಧೂಮಪಾನ ಮಾಡುವವರಿಗೆ ಜಾಸ್ತಿ. ಕಿವಿಯವರೆಗೆ ಎಳೆಯುವ ನೋವು, ಬಾಯಿಂದ ಕೆಟ್ಟ ವಾಸನೆ. ಆದರೆ ಜ್ವರ, ಕೀವು ಇರುವುದಿಲ್ಲ. ಇದಕ್ಕೆ ಇನ್ನಷ್ಟು ಆ್ಯಂಟಿಬಯೋಟಿಕ್ ನುಂಗಿ ಪ್ರಯೋಜನವಿಲ್ಲ. ಡಾಕ್ಟರು ಗುಳಿ ತೊಳೆದು ಔಷಧ ತುಂಬಿದರೆ ನೋವು ಬೇಗ ತಗ್ಗುತ್ತದೆ. ಮನೆಯಲ್ಲಿ ಲವಂಗದ ಎಣ್ಣೆ ಸುರಿಯಬೇಡಿ, ಒಸಡು ಬೇಯುತ್ತದೆ.

ಇನ್ನೊಂದು, ದವಡೆಯ ಸೋಂಕು. ಕೆನ್ನೆ ಬಿಸಿಯಾಗಿ, ಕೆಂಪಾಗಿ, ಗಟ್ಟಿಯಾಗಿ ಊದುತ್ತದೆ. ಜ್ವರ ಬರುತ್ತದೆ. ಬಾಯಿ ಅಗಲಿಸಲು ಬರುವುದಿಲ್ಲ. ಸಾಮಾನ್ಯವಾಗಿ ಮೇಲೆ ಕೆಳಗಿನ ಹಲ್ಲುಗಳ ನಡುವೆ ನಮ್ಮದೇ ಮೂರು ಬೆರಳು ಹಿಡಿಸುತ್ತವೆ. ಒಂದು ಬೆರಳು ಹಿಡಿಸುವುದೇ ಕಷ್ಟ ಅನ್ನಿಸಿದರೆ ಅವತ್ತೇ ತೋರಿಸಿ.

ಇಲ್ಲೇ ಹಿರಿಯರ ಪ್ರೀತಿ ಕೆಲವೊಮ್ಮೆ ಎಡವಟ್ಟು ಮಾಡುತ್ತದೆ. "ಉಪ್ಪು ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಡು ಮಗಾ, ಇಳಿದುಹೋಗುತ್ತೆ" ಅನ್ನುತ್ತಾರೆ. ಕೀವು ತುಂಬಿದ ಊತಕ್ಕೆ ಹೊರಗಿನಿಂದ ಶಾಖ, ಲೇಪ, ತಿಕ್ಕುವುದು ಯಾವುದೂ ಬೇಡ. ಕೀವು ಬಾಯೊಳಗೆ ಒಡೆಯುವ ಬದಲು ಕೆನ್ನೆಯ ಚರ್ಮದತ್ತ ದಾರಿ ಮಾಡಿಕೊಳ್ಳಬಹುದು. ಬೆಚ್ಚಗಿನದು ಏನಿದ್ದರೂ ಬಾಯೊಳಗಿನ ಉಪ್ಪುನೀರು ಮಾತ್ರ.

ಮಾತ್ರೆಯೊಂದರಿಂದಲೇ ಈ ಸೋಂಕು ಯಾಕೆ ಹೋಗುವುದಿಲ್ಲ ಅಂತ ಜನ ಕೇಳುತ್ತಾರೆ. ಔಷಧ ರಕ್ತದಲ್ಲಿ ಹರಿದು ಬರಬೇಕು. ಕೀವಿನ ಚೀಲದೊಳಗೆ ರಕ್ತವೇ ಓಡಾಡುವುದಿಲ್ಲ. ಹಾಗಾಗಿ ಕೀವನ್ನು ಹೊರಗೆ ಬಿಡಲೇಬೇಕು. ಡಾಕ್ಟರು ಒಸಡಿಗೆ ಸಣ್ಣ ಗಾಯ ಮಾಡಿ, ಕೆಲವೊಮ್ಮೆ ಒಂದು ಚಿಕ್ಕ ರಬ್ಬರ್ ಪಟ್ಟಿ ಇಟ್ಟು ಹೊಲಿಗೆ ಹಾಕುತ್ತಾರೆ. ಅದರಿಂದ ಒಂದೆರಡು ದಿನ ಕೆಟ್ಟ ರುಚಿಯ ನೀರು ಇಳಿಯುತ್ತದೆ. ಅದು ಇಳಿಯಲಿ ಅಂತಲೇ ಇಟ್ಟಿದ್ದು. ನೀವಾಗಿ ಕಿತ್ತುಹಾಕಬೇಡಿ.

ಬೆಳಗಾಗಲಿ ಅಂತ ಕಾಯಬಾರದ ಲಕ್ಷಣಗಳು

ನಾಲಿಗೆಯ ಅಡಿ ಊದಿ ನಾಲಿಗೆ ಮೇಲೆದ್ದಿದೆ. ಗದ್ದದ ಕೆಳಗೆ ಎರಡೂ ಕಡೆ ಗಟ್ಟಿ ಊತ. ಎಂಜಲು ನುಂಗಲಾಗದೆ ಬಾಯಿಂದ ಸುರಿಯುತ್ತಿದೆ. ದನಿ ಬದಲಾಗಿದೆ. ಉಸಿರು ಕಟ್ಟಿದಂತಾಗಿ ಮಲಗಲು ಆಗುತ್ತಿಲ್ಲ. ಊತ ಕಣ್ಣಿನ ತನಕ ಅಥವಾ ಕುತ್ತಿಗೆಗೆ ಇಳಿಯುತ್ತಿದೆ. ಜ್ವರದ ಜತೆ ನಡುಕ, ತಲೆ ಗೊಂದಲ.

ಇದರಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಗಂಟಲ ದಾರಿ ಊತದಿಂದ ಮುಚ್ಚಿಹೋಗುವ ಈ ಸ್ಥಿತಿಯನ್ನು ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ವಿವರಿಸಿದ್ದರು. ಈಗಲೂ ಗಂಟೆಗಳಲ್ಲಿ ಜೀವಕ್ಕೆ ಕುತ್ತು ತರುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುವ ಸಮಯ ಇದಲ್ಲ. ತುರ್ತು ಘಟಕ ಇರುವ ಕಡೆಗೇ ಹೋಗಬೇಕು. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ದಾರಿಯಲ್ಲಿ ರೋಗಿಯನ್ನು ಅಂಗಾತ ಮಲಗಿಸಬೇಡಿ, ಕೂರಿಸಿಕೊಂಡು ಹೋಗಿ. ಮಲೆನಾಡಿನ ಮಳೆಯಲ್ಲಿ ರಸ್ತೆ ನಂಬುವಂತಿಲ್ಲ. ಸಂಜೆಯೇ ಅನುಮಾನ ಬಂದರೆ ಸಂಜೆಯೇ ಹೊರಡಿ.

ವಾರಗಳಾದರೂ ಮಾಯದಿದ್ದರೆ

ಸೋಂಕು ಮೂಳೆಗೇ ಇಳಿದಿರಬಹುದು. ಕೆಳ ದವಡೆಯ ಮೂಳೆ ಗಟ್ಟಿ, ಅದಕ್ಕೆ ರಕ್ತದ ಹರಿವು ಮೇಲಿನದಕ್ಕಿಂತ ಕಡಿಮೆ. ಹಾಗಾಗಿ ಅಲ್ಲೇ ಇದು ಜಾಸ್ತಿ. ಒಳಗೆ ಕೊರೆಯುವಂಥ ನೋವು, ಮತ್ತೆ ಮತ್ತೆ ಬರುವ ಕೀವು, ಕೆಳತುಟಿ ಮರಗಟ್ಟುವುದು ಇದರ ಗುರುತು. ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಅದಕ್ಕೇ ಸ್ಕ್ಯಾನ್ ಬರೆಯುತ್ತಾರೆ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ, ಸತ್ತ ಮೂಳೆ ತೆಗೆಯಬೇಕಾಗಬಹುದು. ಇದನ್ನು ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆ ಮಾಡುವ ತಜ್ಞರೇ ನೋಡಬೇಕು. ಹಾಸನದ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ. ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ ಅಥವಾ ವರ್ಷಕ್ಕೊಂದು ಜೊಲೆಡ್ರೋನಿಕ್ ಇಂಜೆಕ್ಷನ್ ತಗೊಳ್ಳುವವರು, ಮುಖಕ್ಕೆ ರೇಡಿಯೇಷನ್ ಆದವರು ಹಲ್ಲು ಕೀಳಿಸುವ ಮುಂಚೆಯೇ ಅದನ್ನು ಹೇಳಬೇಕು. ಅವರ ದವಡೆ ಮಾಯುವುದು ನಿಧಾನ. ಮನೆಯ ಅಜ್ಜಿಗೆ ಯಾವ ಇಂಜೆಕ್ಷನ್ ಹಾಕಿಸಿದ್ದೀರಿ ಅನ್ನುವ ಚೀಟಿ ಜತೆಗಿರಲಿ.

ಎಲ್ಲ ಸರಿಯಾಗಿದ್ದರೆ ಒಂದು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಎರಡು ಮೂರು ವಾರಕ್ಕೆ ಒಸಡು ಮುಚ್ಚಿಕೊಳ್ಳುತ್ತದೆ. ನಡುವೆ ಅಕ್ಕಿ ನುಚ್ಚಿನಷ್ಟು ಮೂಳೆ ಚೂರು ಹೊರಬಂದರೆ ಅದು ಸಹಜ, ಚುಚ್ಚುತ್ತಿದ್ದರೆ ತೆಗೆಸಿಕೊಳ್ಳಿ. ಒಳಗೆ ಹೊಸ ಮೂಳೆ ತುಂಬಲು ಮೂರರಿಂದ ಆರು ತಿಂಗಳು ಬೇಕು. ಖಾಲಿ ಜಾಗವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ಅತ್ತ ವಾಲುತ್ತವೆ. ಕಟ್ಟಿಸುವ ಹಲ್ಲು, ಬ್ರಿಡ್ಜ್, ಇಂಪ್ಲಾಂಟ್ ಇವುಗಳಲ್ಲಿ ಯಾವುದು, ಯಾವಾಗ, ಎಷ್ಟು ಖರ್ಚು ಅನ್ನುವುದನ್ನು ಹೊಲಿಗೆ ಬಿಚ್ಚಿಸಲು ಹೋದ ದಿನವೇ ಕೇಳಿಕೊಂಡು ಬನ್ನಿ.