ಯುಎಪಿಎ ಸಮಾಲೋಚನೆ: ಖರ್ಚಿನ ಲೆಕ್ಕದಿಂದ ಶುರುಮಾಡಿದ ನನ್ನ ಅನುಭವ

ಭಯೋತ್ಪಾದನೆ ಪ್ರಕರಣಗಳಲ್ಲಿ ಬಳಸುವ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಅಂದರೆ ಯುಎಪಿಎಯಿಂದ ತಮಗೇನಾಯಿತು ಎಂಬುದನ್ನು ಕರಾವಳಿಯ ಜಮಾತ್‌ಗಳು (ಮಸೀದಿಯ ಸುತ್ತ ಸಂಘಟಿತವಾದ ಮುಸ್ಲಿಂ ಸಮುದಾಯಗಳು) ಹೊರಗಿನವರ ಮುಂದೆ ಬಾಯಿಬಿಡುವುದಿಲ್ಲವೆಂದು ಈ ಕೆಲಸದಲ್ಲಿ ಹಳಬರಾದ ಹಲವರು ನನಗೆ ಹೇಳಿದ್ದರು. ಭಟ್ಕಳ, ಮಂಗಳೂರು, ಬೆಂಗಳೂರುಗಳಲ್ಲಿ ಸುಮಾರು ಎರಡು ವರ್ಷ ಸಮಾಲೋಚನೆ ನಡೆಸಿದ ಮೇಲೆ ಆ ಹಳಬರಲ್ಲೇ ಕೆಲವರು ಮೊಕದ್ದಮೆಯಿಂದಾದ ಖರ್ಚನ್ನು ಬರೆದುಕೊಳ್ಳುವ ನಮ್ಮ ನಮೂನೆಯನ್ನು ಕೇಳಿ ಪಡೆದಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲಿಗೆ ನಾವೂ ಸಭಾಂಗಣ ಹಿಡಿದು, ಬ್ಯಾನರ್ ಕಟ್ಟಿಸಿ, ಮಸೀದಿ ಸಮಿತಿಗಳ ಅಧ್ಯಕ್ಷರನ್ನು ಕರೆದೆವು. ಬಾಡಿಗೆ, ಧ್ವನಿವರ್ಧಕ, ಊಟ ಸೇರಿ 18,000 ರೂಪಾಯಿಯ ಆಸುಪಾಸು ಖರ್ಚಾಯಿತು. ಬಂದ ಐವತ್ತರಷ್ಟು ಜನರಲ್ಲಿ ಮಾತನಾಡಿದವರು ನಾಲ್ಕೈದು ಮಂದಿ, ಅವರೂ ಭಾಷಣವನ್ನೇ ಮಾಡಿದರು. ಹಿಂದಿನ ಸಾಲಿನಲ್ಲಿ ಮಫ್ತಿಯಲ್ಲಿ ಕುಳಿತಿದ್ದವರನ್ನು ಇಡೀ ಸಭೆ ಗುರುತಿಸಿತ್ತು; ಹಾಜರಿ ಪುಸ್ತಕಕ್ಕೆ ಅರ್ಧ ಜನ ಸಹಿಯನ್ನೇ ಹಾಕಲಿಲ್ಲ. ಅನಂತರ ಸಾವಿರ ಪ್ರಶ್ನಾವಳಿಗಳನ್ನು ಅಚ್ಚುಹಾಕಿಸಿ ಹಂಚಿದೆವು. ಮರಳಿ ಬಂದ ನಲವತ್ತೋ ಐವತ್ತೋ ಪ್ರತಿಗಳಲ್ಲಿ ಬಹುಪಾಲು ಒಂದೇ ಕೈಬರಹದಲ್ಲಿದ್ದವು. ಅನುದಾನ ಕೊಡುತ್ತಿದ್ದವರು ಎರಡನೆಯ ಕಂತನ್ನು ತಡೆಹಿಡಿದರು.

ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆವು. ಕಾಯ್ದೆಯ ಹೆಸರನ್ನು ಎತ್ತದೆ, ಮನೆಯ ಹುಡುಗನ ಮೇಲೆ ಮೊಕದ್ದಮೆಯಾದ ನಂತರ ದುಡ್ಡು ಎಲ್ಲೆಲ್ಲಿ ಹೋಯಿತು ಎಂದಷ್ಟೇ ಕೇಳತೊಡಗಿದೆವು. ಹೆದರಿಕೆಯಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುವ ತಾಯಿ, ಬೆಂಗಳೂರಿನ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ವಿಶೇಷ ನ್ಯಾಯಾಲಯಕ್ಕೆ ಹೋಗಿಬರುವ ಬಸ್ಸಿನ ಚಾರ್ಜು, ಲಾಡ್ಜಿನ ಬಾಡಿಗೆ, ಅಡವಿಟ್ಟ ಬಳೆಗಳ ತೂಕ ಎಲ್ಲವನ್ನೂ ಬೆರಳು ಮಡಚಿ ಎಣಿಸಿ ಹೇಳುತ್ತಾಳೆ. ಭಟ್ಕಳದಿಂದ ಇಬ್ಬರು ಒಂದು ವಿಚಾರಣೆಗೆ ಹೋಗಿಬರಲು ಸರಿಸುಮಾರು 5,000 ರೂಪಾಯಿ ಬೇಕು. ಆರೋಪಪಟ್ಟಿ ಸಲ್ಲಿಸುವ ಅವಧಿಯನ್ನು 90 ದಿನಗಳಿಂದ 180ಕ್ಕೆ ಹಿಗ್ಗಿಸಬಹುದೆಂಬುದೂ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಕೊಡಬಾರದೆನ್ನುವ 43ಡಿ(5)ನೆಯ ಕಲಂನ ಬಿಗಿಯೂ ನಮಗೆಲ್ಲ ಗೊತ್ತಿರುವುದೇ. ಆ ಹೆಚ್ಚುವರಿ ಮೂರು ತಿಂಗಳಲ್ಲಿ ಒಂದು ಬಟ್ಟೆ ಅಂಗಡಿ ಹೇಗೆ ಬಾಗಿಲು ಹಾಕುತ್ತದೆ ಎಂಬುದು ಈ ಲೆಕ್ಕ ಬರೆಯುವವರೆಗೆ ನಮ್ಮ ಯಾವ ಕಡತದಲ್ಲೂ ಇರಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಜಮಾತ್‌ಗಳ ಖಜಾಂಚಿಗಳಿಂದ ದೊರೆಯಿತು. ಭಯೋತ್ಪಾದನೆಗೆ ಹಣ ಸಂಗ್ರಹಿಸುವುದನ್ನು ಅಪರಾಧವಾಗಿಸುವ 17ನೆಯ ಕಲಂ ತಮ್ಮ ಮೇಲೂ ಬಿದ್ದೀತೆಂದು ಹೆದರಿ, ಜಕಾತ್ ನಿಧಿಯಿಂದ ವಕೀಲರ ಶುಲ್ಕಕ್ಕೆ ಕೊಡುವುದನ್ನು ಕೆಲವರು ಸದ್ದಿಲ್ಲದೆ ನಿಲ್ಲಿಸಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ (ಪಿಎಫ್‌ಐ) ಎಂಬ ಮುಸ್ಲಿಂ ಸಂಘಟನೆಯ ನಿಷೇಧವಾಗಿ, ನಿಷೇಧಿತ ಸಂಘಟನೆಯ ಬರೀ ಸದಸ್ಯತ್ವವೂ ಅಪರಾಧವೇ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಬಳಿಕ, ಹಿಂದೆಂದೋ ಅದರ ರಕ್ತದಾನ ಶಿಬಿರದಲ್ಲಿ ತೆಗೆಸಿಕೊಂಡ ಫೋಟೊ ಅಪಾಯವೇ ಎಂದು ಕೇಳಿದವರೂ ಇದ್ದರು. ಅಧ್ಯಕ್ಷರಿಗಿಂತ ಮೊದಲು ಖಜಾಂಚಿಯನ್ನು ಕಾಣಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನವಾಯತಿ ಮತ್ತು ಬ್ಯಾರಿ ಭಾಷೆ ಬಲ್ಲ ಹೆಣ್ಣುಮಕ್ಕಳನ್ನೇ ಅನುವಾದಕ್ಕೆ ಕರೆದುಕೊಂಡೆವು. ಫೋನುಗಳನ್ನು ಹೊರಗಿಡುತ್ತಿದ್ದೆವು, ಧ್ವನಿಮುದ್ರಣವಾಗಲಿ ಸಹಿಯಾಗಲಿ ಇರಲಿಲ್ಲ. ಮೊದಲ ಮನೆಗೆ ಯಾರ ಮೂಲಕ ಕಾಲಿಟ್ಟೆವು, ಮನೆಗಳ ಪಟ್ಟಿಯನ್ನು ಯಾವ ರೂಪದಲ್ಲಿ ಇಟ್ಟುಕೊಂಡಿದ್ದೇವೆ ಎಂಬ ಎರಡು ಸಂಗತಿಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕುತೂಹಲಕ್ಕೆಂದು ಇದೇ ನಮೂನೆಯನ್ನು ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಿಗೂ ಒಯ್ದೆ. ವೀರಪ್ಪನ್ ಪ್ರಕರಣಗಳಲ್ಲಿ ಆಗಿನ ಭಯೋತ್ಪಾದನೆ ವಿರೋಧಿ ಕಾಯ್ದೆಯಾದ ಟಾಡಾ ಅಡಿ ಸಿಕ್ಕಿಬಿದ್ದವರಲ್ಲಿ ಹಲವರು, 1995ರಲ್ಲಿ ಆ ಕಾಯ್ದೆಯ ಅವಧಿಯೇ ಮುಗಿದಿದ್ದರೂ, 2001ರಲ್ಲಿ ಖುಲಾಸೆಯಾಗುವವರೆಗೆ ಮೈಸೂರು ಜೈಲಿನಲ್ಲೇ ಇದ್ದರು. ಇಷ್ಟು ವರ್ಷಗಳಾದರೂ, ಆಗ ಮಾರಿದ ಎತ್ತುಗಳ ಬೆಲೆ ಅಲ್ಲಿನವರ ನಾಲಿಗೆಯ ತುದಿಯಲ್ಲಿದೆ. ಬೆಂಗಳೂರಿನ ಕ್ರೈಸ್ತ ಗುಂಪೊಂದರಲ್ಲಿ ಮಾತ್ರ ಈ ನಮೂನೆ ಬೇಕಾಗಲೇ ಇಲ್ಲ. ಹಿಂದೆ ಅದೇ ಊರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ, ಯುಎಪಿಎ ಅಡಿ ಬಂಧಿತರಾದ ಪಾದ್ರಿ ಸ್ಟ್ಯಾನ್ ಸ್ವಾಮಿ 2021ರ ಜುಲೈನಲ್ಲಿ ಜಾಮೀನು ಸಿಗದೆ ಬಂಧನದಲ್ಲೇ ತೀರಿಕೊಂಡಿದ್ದರಿಂದ, ಅವರು ನೇರವಾಗಿ ಕಾಯ್ದೆಯ ಬಗ್ಗೆಯೇ ಮಾತಿಗಿಳಿದರು.

ನಮ್ಮನ್ನು ಅತಿ ಹೆಚ್ಚು ಅನುಮಾನಿಸಿದ ಹಿರಿಯ ವಕೀಲರೊಬ್ಬರು, ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಸೆರೆಯಲ್ಲಿರುವುದೂ ಜಾಮೀನಿಗೆ ಕಾರಣವೆಂದ ಸುಪ್ರೀಂ ಕೋರ್ಟಿನ 2021ರ ನಜೀಬ್ ತೀರ್ಪಿನ ಜೊತೆಗೆ ನಮ್ಮ ಖರ್ಚಿನ ಹಾಳೆಯನ್ನೂ ಅರ್ಜಿಗೆ ಲಗತ್ತಿಸಿದ್ದಾರೆ. ಗೌರವಧನ ಮತ್ತು ಪ್ರಯಾಣ ಸೇರಿ ಒಂದು ಮನೆಯ ಲೆಕ್ಕಕ್ಕೆ ನಮಗೆ 700 ರೂಪಾಯಿ ಬೀಳುತ್ತದೆ. ದಖ್ಖನಿ ಭಾಷೆ ಬಲ್ಲವರು ಸಿಕ್ಕರೆ ಮುಂದಿನ ಸರದಿ ಕಲಬುರಗಿಯದು.