ದಸರೆ ಕಳೆದ ಮೇಲೆ ಬಾಡುವ ಗಿಡಗಳು

ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ ನಮ್ಮ ಮೈಸೂರಿನಲ್ಲಿ ಹಗಲೆಲ್ಲ ಚುರುಗುಟ್ಟುವ ಬಿಸಿಲು, ಸಂಜೆಗೆ ಒಮ್ಮೊಮ್ಮೆ ಜೋರು ಮಳೆ. ಕುಂಡದ ಗಿಡಗಳು ಜೋತು ಬೀಳುವುದು ಆಗಲೇ. ಬಾಡಿದ ಎಲೆ ಕಂಡ ಕೂಡಲೇ ಚೊಂಬು ತಗೊಂಡು ಓಡಬೇಡಿ. ಮೊದಲು ಮಣ್ಣಿಗೆ ಬೆರಳು ಹಾಕಿ, ಎರಡು ಅಂಗುಲ ಆಳಕ್ಕೆ. ಒಣಗಿದ್ದರೆ ನೀರು ಕೊಡಿ, ಸಂಜೆಗೆ ತಲೆ ಎತ್ತುತ್ತದೆ. ಒದ್ದೆ ಇದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು.

ಇದು ಗೊತ್ತಿಲ್ಲದೆ ಒಂದು ಗುಲಾಬಿ ಗಿಡವನ್ನು ನಾನೇ ಕೊಂದಿದ್ದೇನೆ. ಬಾಡಿದಷ್ಟೂ ನೀರು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಕುಂಡದ ತೂತು ಕಟ್ಟಿಕೊಂಡಿತ್ತು, ಬೇರೆಲ್ಲ ಕಪ್ಪಗೆ ಲೊಳಲೊಳ. ಗಾಳಿ ಸಿಗದ ಬೇರು ನೀರು ಎಳೆಯುವುದಿಲ್ಲ. ಅಷ್ಟು ನೀರಲ್ಲಿ ನಿಂತೂ ಬಾಯಾರಿ ಸತ್ತಿತು, ಪಾಪ.

ಈಗ ಹಾಗೆ ಬಿಡುವುದಿಲ್ಲ. ಮೊದಲು ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡುತ್ತೇನೆ. ಒಳಗೆ ಹಸಿರಿದ್ದರೆ ಜೀವ ಇದೆ. ಗಿಡವನ್ನು ಹುಷಾರಾಗಿ ಹೊರಗೆ ತೆಗೆದು, ಕೊಳೆತ ಬೇರನ್ನೆಲ್ಲ ಕತ್ತರಿಸುತ್ತೇನೆ. ಬೇರು ಕಡಿಮೆಯಾದ ಮೇಲೆ ಎಲೆಯ ಭಾರವೂ ಇಳಿಯಬೇಕಲ್ವಾ? ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಪಾಲು ಸವರುತ್ತೇನೆ. ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ಮತ್ತೆ ನೆಡುತ್ತೇನೆ. ಒಂದೇ ಒಂದು ಸಲ ನೀರು. ಆಮೇಲೆ ಹತ್ತು ದಿನ ನೆರಳು. ಚಿಗುರು ಕಾಣುವ ತನಕ ಹಿಂಡಿ, ರಸಗೊಬ್ಬರ ಏನೂ ಬೇಡ. ಜ್ವರ ಬಿಟ್ಟ ಮಗುವಿಗೆ ಯಾರಾದರೂ ಹೋಳಿಗೆ ತಿನ್ನಿಸುತ್ತಾರಾ?

ದಾಸವಾಳದ ಕತೆ ಬೇರೆ. ಚಿಗುರು ಮುದುರಿ, ಗೆಣ್ಣುಗಳಲ್ಲಿ ಹತ್ತಿಯ ಹಾಗೆ ಬಿಳಿ ಅಂಟಿದ್ದರೆ ಹಿಟ್ಟು ತಿಗಣೆ. ಜಾಸ್ತಿ ಹತ್ತಿದ ತುದಿ ಕತ್ತರಿಸಿ ಬಿಸಾಡಿ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಹಾಕಿ ಕಲಕಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಂದು ಸಲ.

ತುಳಸಿ ಹಬ್ಬಕ್ಕೆ ತುಳಸಿಯೇ ಬೋಳಾಗುತ್ತದೆ ಅಂತ ಅನೇಕರು ಕೊರಗುತ್ತಾರೆ. ತೆನೆ ಬಲಿತು ಬೀಜ ಕಟ್ಟಿದರೆ ಹೊಸ ಎಲೆ ಕಡಿಮೆಯಾಗುತ್ತದೆ. ಹಾಗಾಗಿ ತೆನೆಗಳನ್ನು ಹಬ್ಬಕ್ಕೆ ಮೂರು ವಾರ ಮುಂಚೆಯೇ ಚಿವುಟಿಬಿಡಿ. ದ್ವಾದಶಿ ದಿನ ಹೇಗೂ ತುಳಸಿ ಕೀಳುವ ಹಾಗಿಲ್ಲ. ಪೂಜೆಯ ಹಾಲು, ಅರಿಶಿನ, ಕುಂಕುಮ ದಿನಾ ಬುಡಕ್ಕೆ ಬಿದ್ದರೆ ಮಣ್ಣು ಹುಳಿ ವಾಸನೆ ಹೊಡೆಯುತ್ತದೆ. ನಾನು ಒಂದು ತಟ್ಟೆ ಇಟ್ಟು ಅದರಲ್ಲೇ ಅರ್ಪಿಸುತ್ತೇನೆ. ದೀಪವನ್ನೂ ಕಾಂಡದಿಂದ ಒಂದು ಗೇಣು ದೂರವೇ ಇಡಿ, ಕಾರ್ತಿಕ ಪೂರ್ತಿ ಶಾಖ ತಗುಲಿದರೆ ಆ ಬದಿಯ ಎಲೆ ಸುಟ್ಟುಹೋಗುತ್ತದೆ.