ಹಾಲಿನ ಲೆಕ್ಕದ ಪಕ್ಕದಲ್ಲಿ ಒಂದು ಪ್ರಶ್ನೆ

ಶನಿವಾರ ಪತ್ರಿಕೆ ಬರುತ್ತದೆ. ಮಂಗಳವಾರ ಸಂಜೆಯೊಳಗೆ ನನ್ನ ಬರಹ ಕಚೇರಿ ಸೇರಿರಬೇಕು. 2011ರ ಮೇ ತಿಂಗಳಿಂದ ಇದೇ ಲೆಕ್ಕ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ಅಡಿಕೆ ತೋಟ. ಕೊಟ್ಟಿಗೆಯಲ್ಲಿ ಎರಡು ಹಸು, ಮನೆ ತುಂಬ ಕೆಲಸ. ಅದರ ಮಧ್ಯೆ ಊರಿನ ಪತ್ರಿಕೆಗೆ ವಾರಕ್ಕೊಂದು ಅಂಕಣ. ತೋಟ, ಮಳೆ, ಅಡುಗೆಮನೆ, ಹಿತ್ತಿಲು, ಇಷ್ಟೇ ನನ್ನ ವಿಷಯ. ಆರುನೂರು ಪದದೊಳಗೆ ಮುಗಿಸಬೇಕು.

"ಇಷ್ಟು ವರ್ಷ ಬರೆಯೋಕೆ ವಿಷಯ ಎಲ್ಲಿಂದ ಸಿಗ್ತದೆ?" ಅಂತ ಮದುವೆಮನೆಗಳಲ್ಲಿ ಕೇಳುತ್ತಾರೆ. ಊಟದ ಪಂಕ್ತಿಯಲ್ಲಿ ಕೂತು ಹೇಳಿ ಮುಗಿಸುವ ಉತ್ತರವಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಆರು ವಾರ ಕಷ್ಟವೇ ಆಗಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಬರೆದೆ. ಏಳನೇ ವಾರ ಸೋಮವಾರ ರಾತ್ರಿ ಹನ್ನೊಂದಾದರೂ ಹಾಳೆ ಖಾಲಿ. ಹೊರಗೆ ಮಳೆ ಸುರಿಯುತ್ತಿತ್ತು, ಮಳೆಯ ಬಗ್ಗೆಯೇ ಬರೆದೆ. ಹಸಿರು, ತಂಪು, ಕಪ್ಪೆಯ ಕೂಗು, ಚಿಕ್ಕಂದಿನ ಕಾಗದದ ದೋಣಿ, ಎಲ್ಲ ಬಂತು. ಬೆಳಿಗ್ಗೆ ಅತ್ತೆಗೆ ಓದಿ ಹೇಳಿದೆ. ಬಾಳೆಲೆ ಒರೆಸುತ್ತಾ ಪೂರ್ತಿ ಕೇಳಿದರು. ಆಮೇಲೆ, "ಚೊಲೋ ಇದ್ದು. ಆದ್ರೆ ಇದ್ರಲ್ಲಿ ಹೊಸದು ಎಂತ ಇದ್ದು ಕೂಸೇ?" ಅಂದರು.

ಬೇರೆ ದಾರಿಯಿರಲಿಲ್ಲ, ಅದನ್ನೇ ಕಳಿಸಿದೆ. ಅಚ್ಚಾಯಿತು. ಹಿಂದಿನ ವಾರಗಳಲ್ಲಿ ಪೇಟೆಗೆ ಹೋದಾಗ ಒಬ್ಬರಾದರೂ ನಿಲ್ಲಿಸಿ ಮಾತಾಡಿಸುತ್ತಿದ್ದರು. ಆ ವಾರ ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಅದಾದ ನಾಲ್ಕೈದು ದಿನಕ್ಕೆ ತೋಟಕ್ಕೆ ಎರಡನೇ ಸಲ ಕೊಳೆ ಔಷಧಿ, ಅಂದರೆ ಅಡಿಕೆ ಕಾಯಿ ಕೊಳೆಯುವ ರೋಗದ ಔಷಧಿ, ಹೊಡೆಯುವ ಕೆಲಸ ಬಂತು. ಅಂಗಳದಲ್ಲಿ ಡ್ರಮ್ ಇಟ್ಟು ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಸುಣ್ಣ ಸೇರಿಸಿ ಔಷಧಿ ಕಲೆಸುತ್ತಿದ್ದರು. ಕೆಲಸಕ್ಕೆ ಬಂದ ಹುಡುಗ ಹೊಸಬ. "ಅಮ್ಮಾ, ಮೈಲುತುತ್ತ ಒಂದೇ ಹೊಡೆದ್ರೆ ಸಾಲೂದಿಲ್ವಾ? ಸುಣ್ಣ ಯಾಕೆ?" ಅಂತ ಕೇಳಿದ. ಮದುವೆಯಾಗಿ ಬಂದಾಗಿನಿಂದ ಪ್ರತಿ ಮಳೆಗಾಲ ಈ ಕೆಲಸ ನೋಡಿದ್ದೇನೆ. ಉತ್ತರ ಗೊತ್ತಿರಲಿಲ್ಲ. ಯಜಮಾನರನ್ನು ಕೇಳಿದೆ. "ಮೊದಲಿಂದ ಹಾಗೇ ಮಾಡೋದು" ಅಂದರು.

ಆ ಪ್ರಶ್ನೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ನಮ್ಮ ಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಡೇರಿಗೆ ಹಾಕಿದ ಹಾಲಿನ ಲೆಕ್ಕ ಇರುತ್ತದೆ, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ. ಆ ದಿನದ ಹಾಲಿನ ಪಕ್ಕದಲ್ಲಿ "ಸುಣ್ಣ ಯಾಕೆ?" ಅಂತ ಬರೆದೆ. ಎರಡು ದಿನ ಅಡುಗೆಮನೆಗೆ ಹೋಗಿಬರುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು. ತಡೆಯಲಾರದೆ, ಕೃಷಿ ಓದಿದ ನೆಂಟರೊಬ್ಬರಿಗೆ ಫೋನ್ ಮಾಡಿದೆ. ಬರೀ ಮೈಲುತುತ್ತದ ನೀರು ಹುಳಿ ಸ್ವಭಾವದ್ದು, ಎಳೆ ಕಾಯಿ, ಎಳೆ ಎಲೆಯನ್ನು ಸುಡುತ್ತದೆ. ಸುಣ್ಣ ಆ ಹುಳಿಯನ್ನು ಮುರಿಯುತ್ತದೆ. ಜೊತೆಗೆ ಮಳೆಗೆ ಬೇಗ ತೊಳೆದುಹೋಗದ ಹಾಗೆ ಔಷಧಿ ಅಡಿಕೆ ಗೊನೆಗೆ ಅಂಟಿಕೊಳ್ಳುತ್ತದೆ. ಇಷ್ಟನ್ನೇ ಬರೆದೆ. ಆ ವಾರ ನಾಲ್ಕು ಫೋನ್ ಬಂದವು. ತೋಟ ಮಾಡಿ ಕೂದಲು ಹಣ್ಣಾದವರೂ, "ನಮಗೂ ಗೊತ್ತಿರಲಿಲ್ಲ ತಂಗಿ" ಅಂದರು.

ಅಲ್ಲಿಗೆ ನನಗೊಂದು ದಾರಿ ಸಿಕ್ಕಿತು. ನನಗೆ ಗೊತ್ತಿರುವುದು ಆರು ವಾರಕ್ಕೆ ಸಾಕಾಗಿತ್ತು. ಗೊತ್ತಿಲ್ಲದ್ದನ್ನು ಕೇಳಲು ಹೊರಟ ಮೇಲೆ ವಿಷಯ ಖಾಲಿಯಾಗಿಲ್ಲ. ಪ್ರಶ್ನೆಗೊಂದು ಬಾಲವೂ ಇರುತ್ತದೆ. ಸುಣ್ಣ ಯಾಕೆ ಅಂತ ಬರೆದ ಮೇಲೆ, ಸುಣ್ಣ ಸಾಕಾಯಿತೋ ಇಲ್ಲವೋ ತಿಳಿಯುವುದು ಹೇಗೆ ಅಂತ ಒಬ್ಬರು ಕೇಳಿದರು. ಕಲೆಸಿದ ಔಷಧಿಯಲ್ಲಿ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅಲಗಿಗೆ ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ನೀರು ಇನ್ನಷ್ಟು ಬೇಕು ಅಂತ ಅರ್ಥ. ಇದು ಇನ್ನೊಂದು ಅಂಕಣ. ಈ ಔಷಧಿಗೆ ಬೋರ್ಡೋ ಅನ್ನುವ ಹೆಸರು ಯಾಕೆ ಬಂತು? ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ಅಡಿಕೆಗೆ ಹೇಗೆ ಬಂತು? ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆ ರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಂಗಳದ ಡ್ರಮ್ಮಿನಿಂದ ಹೊರಟವಳು ಹೀಗೆ ಎಲ್ಲೆಲ್ಲೋ ಹೋಗಿ ಬಂದೆ. ಆ ಹುಡುಗನ ಒಂದು ಮಾತಿಗೆ ಐದು ಬರಹ ಆದವು.

ಇದೇನೂ ನಾನು ಕಂಡುಹಿಡಿದ ದಾರಿಯಲ್ಲ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 1991ರಿಂದ ವರ್ಷಗಟ್ಟಲೆ "ಇಗೋ ಕನ್ನಡ" ಬರೆದರು. ಓದುಗರು ಒಂದು ಪದದ ಬಗ್ಗೆ ಕೇಳುತ್ತಿದ್ದರು, ಅವರು ಉತ್ತರ ಕೊಡುತ್ತಿದ್ದರು. ಅಷ್ಟು ದೊಡ್ಡ ವಿದ್ವಾಂಸರೂ ಜನರ ಪ್ರಶ್ನೆಗೆ ಕಾದು ಕೂತರಲ್ಲ, ನನಗೆ ಅದು ಬಹಳ ಧೈರ್ಯ ಕೊಟ್ಟಿತು. ಇನ್ನೊಂದು ಧೈರ್ಯ ಬಂದದ್ದು ಪುತ್ತೂರಿನ ಅಡಿಕೆ ಪತ್ರಿಕೆಯಿಂದ. ರೈತರ ಕೈಗೇ ಲೇಖನಿ ಕೊಡಬೇಕು ಅಂತ 1988ರಲ್ಲಿ ಶುರುವಾದದ್ದು ಅದು. ಮಣ್ಣಿನ ಕೈಯಲ್ಲಿ ಬರೆದದ್ದೂ ಬರಹವೇ ಅಂತ ನಂಬಿದ್ದು ಅದನ್ನು ಓದಿಯೇ.

ಕ್ಯಾಲೆಂಡರಿನಿಂದ ನಾನು ಎಣಿಸದ ಇನ್ನೊಂದು ಲಾಭವಾಯಿತು. ಡಿಸೆಂಬರಿನಲ್ಲಿ ಹಳೆಯದನ್ನು ಗೋಡೆಯಿಂದ ತೆಗೆದು, ಎಸೆಯದೆ ಪೆಟ್ಟಿಗೆಯಲ್ಲಿಟ್ಟೆ. ಮುಂದಿನ ವರ್ಷ ಅದೇ ವಾರ ಬಂದಾಗ ಬಿಡಿಸಿ ನೋಡಿದರೆ ಅರ್ಧ ಪ್ರಶ್ನೆಗಳು ಹಾಗೇ ಉಳಿದಿದ್ದವು. ಕಾಲಕ್ಕೆ ಸರಿಯಾಗಿ, ಬರೆಸಿಕೊಳ್ಳಲು ಕಾದು ಕೂತ ಹಾಗೆ. ಮಳೆ ನಕ್ಷತ್ರದ ಲೆಕ್ಕವೂ ಹೀಗೇ ಕೈಹಿಡಿಯಿತು. ಒಂದೊಂದು ಮಳೆಗೆ 13-14 ದಿನ, ಅಂದರೆ ಎರಡು ಅಂಕಣ. ಆರಿದ್ರಾ ಮಳೆ ಆರದೆ ಹೊಯ್ಯುವಾಗ ಜನರ ತಲೆಯಲ್ಲಿ ಏನಿರುತ್ತದೆ? ಸೌದೆ ಒದ್ದೆ, ಬಟ್ಟೆ ಒಣಗುವುದಿಲ್ಲ, ಹಪ್ಪಳದ ಡಬ್ಬಿಗೆ ಬೂಸಲು. ಆಗ ಅದನ್ನೇ ಬರೆಯಬೇಕು. ಮಾವಿನ ಮಿಡಿಯ ಬರಹ ಮಿಡಿ ಮುಗಿದ ಮೇಲೆ ಬಂದರೆ ಏನುಪಯೋಗ, ಅಲ್ವಾ?

ವಿಷಯ ಸಿಕ್ಕ ಮೇಲೆ ನಾನು ಜಾಸ್ತಿ ಎಡವಿದ್ದು ಅದರ ಗಾತ್ರದಲ್ಲಿ. "ಮಲೆನಾಡಿನ ತಂಬುಳಿಗಳು" ಅಂತ ಹೊರಟರೆ ಒಂದೆಲಗ, ದೊಡ್ಡಪತ್ರೆ, ಶುಂಠಿ, ಚಕ್ರಮುನಿ ಅಂತ ಹೆಸರಿನ ಪಟ್ಟಿಯಾಗುತ್ತದೆ. ಪಟ್ಟಿಯನ್ನು ಯಾರೂ ಓದುವುದಿಲ್ಲ. "ತಂಬುಳಿಯ ಕೊಡಸಿಗೆ ಹೂವನ್ನು ಒಣಗಿಸಿ ಇಡುವುದು ಹೇಗೆ" ಅಂದರೆ ಮುಷ್ಟಿಯಲ್ಲಿ ಹಿಡಿಯುವಷ್ಟು ವಿಷಯ. ಆರುನೂರು ಪದಕ್ಕೆ ಅದು ಸರಿ.

ಗುಣಮಟ್ಟದ ಮಾತಿಗೆ ಬಂದರೆ, ನಾನು ಮರೆಯಲಾರದ ಒಂದು ವಾರ ಇದೆ.

ಅಂಕಣ ಶುರುವಾಗಿ ಮೂರು ವರ್ಷವಾಗಿತ್ತು. ಹೊಸದಾಗಿ ತೋಟ ಮಾಡಿದವರು ಕೇಳಿದರು ಅಂತ ಬೋರ್ಡೋ ಕಲೆಸುವ ವಿಧಾನವನ್ನು ಮೊದಲಿಂದ ಬರೆದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಉಳಿದರ್ಧದಲ್ಲಿ ಬೇರೆ ಬೇರೆ ಕದಡಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತಾ ತಿರುವಬೇಕು. ಕಬ್ಬಿಣದ ಪಾತ್ರೆ ಕೂಡದು. ಎಲ್ಲ ಸರಿಯಾಗಿ ಗೊತ್ತಿತ್ತು. ಆ ವಾರ ಮನೆಯಲ್ಲಿ ಶ್ರಾದ್ಧದ ಓಡಾಟ. ಮಂಗಳವಾರ ಮಧ್ಯಾಹ್ನ ಬರೆದು, ಮತ್ತೊಮ್ಮೆ ಓದದೆ ಕಳಿಸಿಬಿಟ್ಟೆ. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಹಿರಿಯ ರೈತರೊಬ್ಬರ ಫೋನ್ ಬಂತು. "ತಂಗೀ, 10 ಲೀಟರ್ ಅಂತ ಬಿದ್ದಿದೆಯಲ್ಲ."

ನನ್ನ ಪ್ರತಿ ತೆಗೆದು ನೋಡಿದೆ. ನಾನೇ ಒಂದು ಸೊನ್ನೆ ಬಿಟ್ಟಿದ್ದೆ.

ಅವರು ಸಿಟ್ಟು ಮಾಡಲಿಲ್ಲ. "ನಾನು ಹಳಬ, ನನಗೆ ಗೊತ್ತಾಯ್ತು. ನೀನು ಯಾರಿಗೋಸ್ಕರ ಬರೆದಿದ್ದೀಯೋ ಅವರು ಹೊಸಬರು. ಅವರಿಗೆ ಹೇಗೆ ಗೊತ್ತಾಗ್ತದೆ?" ಅಂದರು. ಕೈಕಾಲು ತಣ್ಣಗಾಯಿತು. ಪ್ರಶ್ನೆ ಕೇಳಿದ್ದವರ ನಂಬರು ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ದೇವರ ದಯೆ, ಮಳೆ ಹಿಡಿದುಕೊಂಡಿದ್ದರಿಂದ ಯಾರೂ ಇನ್ನೂ ಕಲೆಸಿರಲಿಲ್ಲ. ಮುಂದಿನ ವಾರ ತಿದ್ದುಪಡಿಯನ್ನು ಅಂಕಣದ ತಲೆಯಲ್ಲೇ ಹಾಕಿಸಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ತಪ್ಪು ಓದಿದವರ ಕಣ್ಣಿಗೆ ಅದು ಬೀಳುವುದಿಲ್ಲ.

ಆವತ್ತಿನಿಂದ ಅಂಕಿಯನ್ನು ಅಂಕಿಯಲ್ಲೂ ಬರೆಯುತ್ತೇನೆ, ಅಕ್ಷರದಲ್ಲೂ ಬರೆಯುತ್ತೇನೆ. 100, ನೂರು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಮಾಹಿತಿ ಕೊಟ್ಟವರಿಗೆ ಫೋನ್ ಮಾಡಿ, ಅವರು ಹೇಳಿದ ಭಾಗವನ್ನು ಅವರಿಗೇ ಓದಿ ಹೇಳುತ್ತೇನೆ. ಹತ್ತು ನಿಮಿಷದ ಕೆಲಸ. ಎಷ್ಟೋ ಸಲ ಆ ಹತ್ತು ನಿಮಿಷದಲ್ಲಿ, "ಹಾಂ, ಇನ್ನೊಂದು ಹೇಳೋದು ಮರೆತಿದ್ದೆ" ಅಂತ ಶುರುಮಾಡುತ್ತಾರೆ. ಇಡೀ ಬರಹದಲ್ಲಿ ಚೆಂದದ ಸಂಗತಿ ಅದೇ ಆಗಿರುತ್ತದೆ. ಬರೆದದ್ದು ಒಂದು ರಾತ್ರಿ ಹಾಗೇ ಕೂರಬೇಕು ಅನ್ನುವುದೂ ಆಗಿನಿಂದಲೇ ಬಂದ ಕ್ರಮ. ಭಾನುವಾರ ಬರೆಯುತ್ತೇನೆ, ಸೋಮವಾರ ಅತ್ತೆಗೆ ಓದುತ್ತೇನೆ, ಮಂಗಳವಾರ ತಿದ್ದಿ ಕಳಿಸುತ್ತೇನೆ. ಅತ್ತೆ ಬಾಯಿಬಿಟ್ಟು ಹೇಳದಿದ್ದರೂ ಪರವಾಗಿಲ್ಲ. ಓದುವಾಗ ಅವರ ಕಣ್ಣು ಕಿಟಕಿಯ ಕಡೆ ಹೋಯಿತು ಅಂದರೆ ಆ ಸಾಲಿನಲ್ಲಿ ಸತ್ವ ಇಲ್ಲ ಅಂತಲೇ.

ಸತ್ವ ಇಲ್ಲದ ಸಾಲು ಹೇಗಿರುತ್ತದೆ? ಒಂದು ಉದಾಹರಣೆ ಕೊಡುತ್ತೇನೆ. ಆಲೆಮನೆಯ ದಿನಗಳಲ್ಲಿ ತೊಡದೇವು ಅನ್ನುವ ನಮ್ಮ ಕಡೆಯ ಸಿಹಿತಿಂಡಿಯ ಬಗ್ಗೆ ಬರೆಯಲು ಕೂತೆ. "ಕಾಗದದಷ್ಟು ತೆಳುವಾದ, ಬಾಯಲ್ಲಿಟ್ಟರೆ ಕರಗುವ ತೊಡದೇವು" ಅಂತ ಮೊದಲ ಸಾಲು ತಾನಾಗಿ ಬಂತು. ತಾನಾಗಿ ಬಂದದ್ದೇ ಅದರ ದೋಷ. ತೊಡದೇವಿನ ಬಗ್ಗೆ ಬರೆದವರೆಲ್ಲ ಅದೇ ಬರೆದಿದ್ದಾರೆ. ಹಾಳೆ ಮಡಚಿಟ್ಟು, ತೊಡದೇವು ಮಾಡುವುದರಲ್ಲಿ ಕೈ ಪಳಗಿದ ನಮ್ಮೂರಿನ ಅಕ್ಕ ಒಬ್ಬರ ಒಲೆಯ ಮುಂದೆ ಹೋಗಿ ಕೂತೆ.

ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ. ಪಕ್ಕದಲ್ಲಿ ಕಬ್ಬಿನ ಹಾಲು ಸೇರಿಸಿ ಕದಡಿದ ನೀರಾದ ಅಕ್ಕಿ ಹಿಟ್ಟು. ಅಕ್ಕ ಮೊದಲು ಗಡಿಗೆಯ ಬೆನ್ನಿಗೆ ಬೆರಳಿಂದ ಎರಡು ಹನಿ ನೀರು ಚಿಮುಕಿಸಿದರು. ಹನಿ ಸಿಡಿದು ಹಾರಿತು. "ಕಾವು ಜಾಸ್ತಿ ಆತು" ಅಂದವರೇ ಒಲೆಯಿಂದ ಒಂದು ಕೊಳ್ಳಿ ಹಿಂದಕ್ಕೆ ಎಳೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹನಿ. ಈ ಸಲ ಅದು ಚುಂಯ್ ಅಂದು ಅಲ್ಲೇ ಆರಿತು. ಆಮೇಲೆಯೇ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಮೇಲೆ ಒಂದೇ ಸಲಕ್ಕೆ ಎಳೆದದ್ದು. ಅಂಚು ಏಳುತ್ತಿದ್ದ ಹಾಗೆ ಬಿಡಿಸಿ, ಬಿಸಿ ಇರುವಾಗಲೇ ಮಡಚಿಬಿಟ್ಟರು. ನಾನು ಮಡಚಲು ಹೋದೆ. ಅಷ್ಟರಲ್ಲಿ ಆರಿತ್ತು, ಚೂರಾಯಿತು.

ಮನೆಗೆ ಬಂದು ಮೊದಲ ಸಾಲು ಹೊಡೆದುಹಾಕಿದೆ. ಅದರ ಜಾಗದಲ್ಲಿ ಆ ಎರಡು ಹನಿ ನೀರು, ಆ ಕೊಳ್ಳಿ ಬಂತು. ಆ ಬರಹ ಓದಿ ಬೆಂಗಳೂರಿನಲ್ಲಿರುವ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, "ನಮ್ಮಜ್ಜಿ ಹನಿ ಹಾಕ್ತಿದ್ದದ್ದು ಯಾಕೆ ಅಂತ ಇವತ್ತು ಗೊತ್ತಾಯ್ತು" ಅಂದಳು. ಆ ಇಡೀ ದಿನ ನನಗೆ ಹಬ್ಬ.

ಬರೆಯಲಾಗದ ವಾರಗಳೂ ಬರುತ್ತವೆ. ಜ್ವರ, ಬಾಣಂತನ, ಸಾವು. ಅದಕ್ಕೆ ಎರಡು ಬರಹ ಯಾವಾಗಲೂ ಮುಂಚೆಯೇ ಕಚೇರಿಯಲ್ಲಿರುತ್ತವೆ. ಯಾವ ತಿಂಗಳಿಗೂ ಹೊಂದುವಂಥವು, ತಾಮ್ರದ ಹಂಡೆ ತೊಳೆಯುವುದು, ಹಗ್ಗ ಹೊಸೆಯುವುದು, ಹೀಗೆ. 2019ರ ಆಗಸ್ಟಿನ ನೆರೆಯಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟೂ ಇಲ್ಲ, ಫೋನೂ ಇಲ್ಲ. ಆಗ ಕಾಪಾಡಿದ್ದು ಅವೇ. ಗಡಿಬಿಡಿಯಲ್ಲಿ ಏನೋ ಒಂದು ಬರೆದು ಕಳಿಸುವುದಕ್ಕಿಂತ ಸಾವಕಾಶವಾಗಿ ಬರೆದಿಟ್ಟ ಹಂಡೆಯ ಬರಹ ಎಷ್ಟೋ ಮೇಲು. ಆ ಸೊನ್ನೆ ಬಿಟ್ಟುಹೋದ ವಾರ ನನ್ನ ಹತ್ತಿರ ಇಂಥದ್ದೊಂದು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಒಂದು ವಿಷಯದ ಮೇಲೆ ಒಮ್ಮೆ ಬರೆದರೆ ಮುಗಿಯಿತು ಅಂತ ಮೊದಮೊದಲು ಅಂದುಕೊಂಡಿದ್ದೆ. ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ, ಅಪ್ಪೆಮಿಡಿ, ಆ ನಂಬಿಕೆಯನ್ನು ಬಿಡಿಸಿತು. 2012ರಲ್ಲಿ ಅದನ್ನು ಉಪ್ಪಿಗೆ ಹಾಕುವ ಕ್ರಮ ಬರೆದೆ. ನಾಲ್ಕು ವರ್ಷ ಬಿಟ್ಟು ಮರದ ಬಗ್ಗೆ ಬರೆದೆ. ಹೊಳೆಯಂಚಿನ ಮರಗಳು, ಅನಂತ ಭಟ್ಟನ ಅಪ್ಪೆ ಅನ್ನುವಂಥ ಹೆಸರುಗಳು, ಕಸಿ ಕಟ್ಟುವುದು. ಇನ್ನು ಹೊಸದೇನಿದೆ ಅಂದುಕೊಂಡಿದ್ದೆ. 2023ರಲ್ಲಿ ಹಳೆಯ ಕ್ಯಾಲೆಂಡರಿನ ಮಾರ್ಚ್ ಹಾಳೆಯಲ್ಲಿ "ಮಿಡಿ ನೆಲಕ್ಕೆ ಬಿದ್ದರೆ?" ಅಂತ ಅರ್ಧ ಬರೆದು ಬಿಟ್ಟದ್ದು ಕಂಡಿತು. ಮಿಡಿ ಕೊಯ್ಯುವವರನ್ನೇ ಹುಡುಕಿಕೊಂಡು ಹೋದೆ.

ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಜೊತೆಯವನ್ನೂ ಕೆಡಿಸುತ್ತದೆ. ಅದಕ್ಕೇ ತೊಟ್ಟು ಸಮೇತ ಕೊಯ್ದು, ಕಲ್ಲಿಯಲ್ಲಿ (ಹಗ್ಗದ ಬಲೆಚೀಲ) ತುಂಬಿ, ಹಗ್ಗದಲ್ಲಿ ಕೆಳಗೆ ಇಳಿಸುತ್ತಾರೆ. ಅಷ್ಟು ಕೇಳಿ ಹೊರಡುವವಳಿದ್ದೆ. ಅವರು ಬಾಗಿ ಬಿದ್ದ ಒಂದು ಎಲೆ ಎತ್ತಿ, ಹಿಸುಕಿ, ನನ್ನ ಮೂಗಿನ ಹತ್ತಿರ ಹಿಡಿದರು. "ಮರದಲ್ಲಿ ಮಿಡಿ ಇಲ್ಲದಿದ್ರೂ ನಾವು ಅಪ್ಪೆ ಮರ ಇದ್ರಲ್ಲೇ ಗುರುತು ಹಿಡಿಯೂದು ಅಮ್ಮಾ" ಅಂದರು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಹಾಗೆ ಘಮ್ ಅಂತ ಹೊಡೆಯಿತು. ಹನ್ನೊಂದು ವರ್ಷದಲ್ಲಿ ಎರಡು ಸಲ ಅಪ್ಪೆಮಿಡಿಯ ಬಗ್ಗೆ ಬರೆದಿದ್ದೆ, ಎಲೆಯನ್ನು ಒಮ್ಮೆಯೂ ಮೂಸಿರಲಿಲ್ಲ. ಆ ಎಲೆಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡು ಬಂದು, ಭಾನುವಾರ ಅದರಿಂದಲೇ ಬರಹ ಶುರುಮಾಡಿದೆ.